ಮನೆಯಲ್ಲಿ ಹೊಲಿದ ಮಗುವಿನ ಅಂಗಿ



ಈ ಹೊತ್ತಿನ ಭಾಷಣಕ್ಕೆ ಆರಿಸಿಕೊಂಡಿರುವ ವಿಷಯವು ಅಳತೆಯಲ್ಲಿ ಬಹು ಚಿಕ್ಕದು. ಎರಡು ವರ್ಷದ ಒಂದು ಮಗು, ಅದಕ್ಕೊಂದು ಅಂಗಿ. ಇದುವರೆಗೆ ಬಟ್ಟೆಗೆ ಕತ್ತರಿ ಹಾಕಿ ಅಭ್ಯಾಸವಿಲ್ಲದ ತಾಯಿಯೋ ಅಜ್ಜಿಯೋ ಅಕ್ಕನೋ ಆ ಅಂಗಿಯನ್ನು ಮನೆಯಲ್ಲಿಯೇ ಹೊಲಿದು ಮುಗಿಸುವ ಬಗೆ ಹೇಗೆಂಬುದನ್ನು ಹೇಳುವುದೇ ನನ್ನ ಉದ್ದೇಶ. ಪೇಟೆಯಲ್ಲಿ ಸಿದ್ಧ ಉಡುಪು ಬೇಕಾದಷ್ಟು ದೊರೆಯುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಅಹುದು. ಕೆಲಸವೆಂಥದೆಂಬುದನ್ನು ನೋಡಿದ ಮೇಲೆ ಅದಕ್ಕೆ ಉತ್ತರ ಹೇಳುವುದು ಸುಲಭವಾದೀತೆಂದು ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಮಾತನ್ನು ಹಳೇ ಹುಬ್ಬಳ್ಳಿಯಿಂದ ಆರಂಭಿಸುವುದಕ್ಕೆ ಕಾರಣವುಂಟು. ಭವಾನಿಶಂಕರ ದೇವಾಲಯವಿರುವ ಆ ಭಾಗಕ್ಕೆ ಹಿಂದೆ ರಾಯರ ಹುಬ್ಬಳ್ಳಿಯೆಂಬ ಹೆಸರಿತ್ತು. 18ನೆಯ ಶತಮಾನದಲ್ಲಿ ಸವಣೂರಿನ ನವಾಬರ ಆಳಿಕೆಯಲ್ಲಿ ಬಸಪ್ಪಶೆಟ್ಟರು ಹೊಸ ಪೇಟೆಯನ್ನು ಕಟ್ಟಿಸುವುದಕ್ಕೆ ಮೊದಲೇ ಈ ಊರು ಹತ್ತಿಗೂ ಬಟ್ಟೆಗೂ ಹೆಸರಾಗಿತ್ತು. 17ನೆಯ ಶತಮಾನದಲ್ಲಿ ಕಾರವಾರದ ಇಂಗ್ಲಿಷ್ ಕೋಠಿಗೆ ಬೇಕಾದ ಬಟ್ಟೆ ಇಲ್ಲಿಂದ ಹೋಗುತ್ತಿತ್ತು. 1673ರಲ್ಲಿ ಮರಾಠರ ದಂಡು ಈ ಪೇಟೆಯನ್ನು ಸೂರೆಗೊಂಡುದು ಇತಿಹಾಸದಲ್ಲಿ ದಾಖಲಾಗಿದೆ. ಇಂದಿಗೂ ಹುಬ್ಬಳ್ಳಿಯಲ್ಲಿ ಒಂದು ಬೀದಿಗೆ ಜವಳಿ ಸಾಲೆಂದೂ, ಹಳೇ ಹುಬ್ಬಳ್ಳಿಯ ಒಂದು ಬಡಾವಣೆಗೆ ನೇಕಾರನಗರವೆಂದೂ ಹೆಸರುಂಟು. ಹೀಗೆ ಬಟ್ಟೆಯ ನಡುವೆಯೇ ಬೆಳೆದ ಊರಿನ ಹೆಣ್ಣುಮಗಳು ‘ನನಗೆ ಹೊಲಿಗೆ ಬಾರದು’ ಎಂದು ಹೇಳಿದರೆ ಆ ಮಾತನ್ನು ಪೂರ್ಣವಾಗಿ ನಂಬಬೇಕಾದುದಿಲ್ಲ. ಅವಳಿಗೆ ಹೊಲಿಗೆ ಎಷ್ಟೋ ಬರುತ್ತದೆ, ಬಾರದಿರುವುದು ಬೇರೊಂದು. ಅದು ಯಾವುದೆಂಬುದನ್ನು ಮೊದಲು ವಿಂಗಡಿಸಿಕೊಳ್ಳೋಣ.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿಯಿಲ್ಲದ ಮನೆ ವಿರಳ. ಹಳೆಯ ಸೀರೆ ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಸಾಲಾಗಿ ಸೂಜಿ ಓಡಿಸಿದರೆ ಕೌದಿಯಾಯಿತು. ಆ ಓಡುಹೊಲಿಗೆಯೇ ಎಲ್ಲ ಹೊಲಿಗೆಗೂ ತಾಯಿ. ಅದಕ್ಕಿಂತ ಸೂಕ್ಷ್ಮವಾದುದು ಧಾರವಾಡ ಸೀಮೆಯ ಕಸೂತಿ. ಅದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಹಾಕುವುದು. ಗವಂತಿಯೆಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಸಾಲು, ಬರುವಾಗ ನಡುವಣ ತೆರಪನ್ನು ತುಂಬುವ ಇನ್ನೊಂದು ಸಾಲು. ಬಟ್ಟೆಯ ಎರಡು ಮುಖಗಳೂ ಒಂದೇ ರೂಪವಾಗಿರುತ್ತವೆ. ಇಂಥ ಕಸೂತಿಯನ್ನು ಇಳಕಲ್ಲ ಸೀರೆಯ ಮೇಲೆ ಮಾತ್ರವಲ್ಲ, ಕೂಸಿನ ಕುಲಾಯಿಯ ಮೇಲೆಯೂ ಕುಂಚಿಗೆಯ ಮೇಲೆಯೂ ಹಾಕುತ್ತಿದ್ದರು.

ಈಗ ಗಮನಿಸಿರಿ. ಕೌದಿ ಚಪ್ಪಟೆಯಾದುದು. ಸೀರೆ ಚಪ್ಪಟೆಯಾದುದು. ಕುಂಚಿಗೆಯೂ ಹೆಚ್ಚುಕಡಿಮೆ ಚಚ್ಚೌಕವಾದ ಬಟ್ಟೆಯನ್ನು ತಲೆಯ ಮೇಲೆ ಮಡಚಿ ಒಂದು ಕಡೆ ಕೂಡಿಸಿದುದು. ಉಳಿದುದು ಬೆನ್ನ ಮೇಲೆ ಇಳಿಬೀಳುತ್ತದೆ. ಇವುಗಳಲ್ಲಿ ಕತ್ತರಿಯ ಕೆಲಸ ಕಡಿಮೆ, ಸೂಜಿಯ ಕೆಲಸ ಹೆಚ್ಚು. ಅಂಗಿಯ ಮಾತು ಬೇರೆ. ಮಗುವಿನ ಮೈ ಗುಂಡಾದುದು, ಬಟ್ಟೆ ಚಪ್ಪಟೆಯಾದುದು. ಚಪ್ಪಟೆಯಾದುದನ್ನು ಗುಂಡಾದುದರ ಸುತ್ತ ಕೂಡಿಸಬೇಕಾದರೆ ಕುತ್ತಿಗೆಗೂ ಕಂಕುಳಿಗೂ ಬಾಗು ಕತ್ತರಿಸಲೇಬೇಕು. ಹೊಸಬರು ಅಂಜುವುದು ಇಲ್ಲಿಯೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದುದನ್ನು ಮರಳಿ ಕೂಡಿಸಲಾಗದು. ಆದುದರಿಂದ ಕಲಿಯಬೇಕಾದುದು ಹೊಲಿಗೆಗಿಂತ ಹೆಚ್ಚಾಗಿ ಅಳತೆಯನ್ನು. ಅಂಜಿಕೆಗೆ ಮದ್ದು ಅಳತೆಯೊಂದೇ.

ಮಗುವಿನ ಮೈ ದೊಡ್ಡವರ ಮೈಯ ಸಣ್ಣ ಪ್ರತಿಯೆಂದು ತಿಳಿಯಲಾಗದು. ಹುಟ್ಟಿದ ಕೂಸಿನ ಉದ್ದದಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ತಲೆಯೇ ಆಗಿರುತ್ತದೆ. ಬೆಳೆದವರಲ್ಲಿ ಅದು ಏಳೆಂಟರಲ್ಲೊಂದು ಪಾಲು. ಎರಡು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 19 ಅಂಗುಲವಿದ್ದರೆ, ಎದೆಯ ಸುತ್ತಳತೆ 20 ಅಥವಾ 21 ಅಂಗುಲವಿರುತ್ತದೆ. ಕುತ್ತಿಗೆಯಾದರೋ 10 ಅಂಗುಲದ ಆಸುಪಾಸು. ಅಂದರೆ ಕುತ್ತಿಗೆಗೆ ಸರಿಯಾದ ಅಂಗಿ ತಲೆಯಲ್ಲಿ ಇಳಿಯದು. ತಲೆಯಲ್ಲಿ ಇಳಿಯುವ ಅಂಗಿ ಹೆಗಲಿನಿಂದ ಜಾರುವುದು. ಹೊಸಬರು ಹೊಲಿದ ಎಷ್ಟೋ ಚೆಲುವಾದ ಅಂಗಿಗಳು ಪೆಟ್ಟಿಗೆಯಲ್ಲಿ ಉಳಿದುಹೋಗುವುದಕ್ಕೆ ಈ ಲೆಕ್ಕವನ್ನು ಮರೆತುದೇ ಕಾರಣ. ಬೆನ್ನಿನ ಕಡೆ ಸೀಳು ಬಿಟ್ಟು ಗುಂಡಿ ಹಾಕಿದರೆ ತೊಡಕು ಬಗೆಹರಿಯುತ್ತದೆ. ಸೀಳಿನ ಪ್ರತಿಯೊಂದು ಅಂಗುಲವೂ ಕುತ್ತಿಗೆಯ ಸುತ್ತಿಗೆ ಎರಡು ಅಂಗುಲವನ್ನು ಕೂಡಿಸುತ್ತದೆ. ಕುತ್ತಿಗೆ ಸುಮಾರು ಹತ್ತೂವರೆ ಅಂಗುಲ, ಸೀಳು 6 ಅಂಗುಲವಾದರೆ, ಒಟ್ಟು ಇಪ್ಪತ್ತೆರಡೂವರೆ ಆಯಿತು. 19 ಅಂಗುಲದ ತಲೆ ಅಳದೆ ಹೊರಗೆ ಬರುತ್ತದೆ.

ಇನ್ನು ಬಟ್ಟೆಯ ವಿಚಾರ. ನಮ್ಮಲ್ಲಿ ಹುಟ್ಟಿದ ಕೂಸಿಗೆ ಮೊದಲು ಹೊಸ ಬಟ್ಟೆ ತೊಡಿಸದೆ, ಒಗೆದೊಗೆದು ಮೆತ್ತಗಾದ ಹಳೆಯ ಬಟ್ಟೆಯನ್ನು ಸುತ್ತುವ ರೂಢಿ ಅನೇಕ ಮನೆಗಳಲ್ಲಿ ಉಂಟು. ಇದನ್ನು ಬಡತನದ ಗುರುತೆಂದು ಎಣಿಸಬಾರದು. ಹೊಸ ಬಟ್ಟೆಯಲ್ಲಿ ಗಂಜಿಯೂ ಬಣ್ಣದ ಉಳಿಕೆಯೂ ಇರುತ್ತವೆ. ಒಗೆತದಿಂದ ಅವು ಹೋಗಿ ನೂಲು ಮೃದುವಾಗುತ್ತದೆ. ಎರಡು ವರ್ಷದ ಮಗುವಿನ ಅಂಗಿಗೂ ಮೆತ್ತನೆಯ ಹತ್ತಿಯ ಬಟ್ಟೆಯೇ ಉತ್ತಮ. ಹತ್ತಿ ಬೆವರನ್ನು ಹೀರಿಕೊಳ್ಳುತ್ತದೆ. ಕುದಿಯುವ ನೀರಿನ ಒಗೆತವನ್ನು ತಾಳುತ್ತದೆ. ಹೊಸಬರ ಕೈಯಲ್ಲಿ ಜಾರದೆ ನಿಲ್ಲುತ್ತದೆ. ಮೊದಲ ಅಂಗಿಗೆ ರೇಷ್ಮೆಯನ್ನಾಗಲಿ ನುಣುಪಾದ ಕೃತಕ ನೂಲಿನ ಬಟ್ಟೆಯನ್ನಾಗಲಿ ಆರಿಸಿಕೊಂಡವರು ಅರ್ಧ ದಿವಸವನ್ನು ಬಟ್ಟೆಯನ್ನು ಹಿಡಿದು ನಿಲ್ಲಿಸುವುದರಲ್ಲಿಯೇ ಕಳೆಯುತ್ತಾರೆ. ಹತ್ತಿಯ ವಿಷಯದಲ್ಲಿ ಧಾರವಾಡ ಸೀಮೆಗೆ ಹೆಮ್ಮೆಪಡುವ ಹಕ್ಕೂ ಉಂಟು. ವಾಣಿಜ್ಯ ರೀತಿಯಲ್ಲಿ ಬೆಳೆದ ಅಂತರಜಾತಿ ಸಂಕರ ಹತ್ತಿಗಳಲ್ಲಿ ಮೊದಲನೆಯದಾದ ‘ವರಲಕ್ಷ್ಮಿ’ಯನ್ನು 1972ರಲ್ಲಿ ಹೊರತಂದವರು ಧಾರವಾಡದ ಸಂಶೋಧನ ಕ್ಷೇತ್ರದಲ್ಲಿ ದುಡಿದ ಡಾಕ್ಟರ್ ಬಿ. ಎಚ್. ಕಟರಕಿಯವರು.

36 ಅಂಗುಲ ಅಗಲದ ಬಟ್ಟೆಯಾದರೆ ಒಂದು ವಾರು ಸಾಕು. ಹೊಸಬರು ಒಂದೂಕಾಲು ವಾರು ತರುವುದು ಕ್ಷೇಮ. ತಂದ ಕೂಡಲೆ ಕತ್ತರಿಸತಕ್ಕದ್ದಲ್ಲ. ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಬೇಕು. ನೂರಕ್ಕೆ ಐದರಂತೆ ಕುಗ್ಗುವ ಬಟ್ಟೆಯಾದರೆ 18 ಅಂಗುಲದ ಅಂಗಿ ಮೊದಲ ಒಗೆತದಲ್ಲಿಯೇ ಒಂದಂಗುಲದಷ್ಟು ಗಿಡ್ಡಾಗುತ್ತದೆ. ಕುಗ್ಗುವುದಿದ್ದರೆ ಹೊಲಿಯುವುದಕ್ಕೆ ಮುನ್ನವೇ ಕುಗ್ಗಲಿ.

ಬಟ್ಟೆಯನ್ನು ಬೆಳಕಿಗೆ ಹಿಡಿದರೆ ಹಾಸು ಹೊಕ್ಕುಗಳು ಕಾಣುತ್ತವೆ. ಗಟ್ಟಿ ಅಂಚಿಗೆ ಸಮನಾಗಿ ಹೋಗುವ ಎಳೆ ಹಾಸು. ಅಡ್ಡವಾಗಿ ಹೋಗುವುದು ಹೊಕ್ಕು. ಹಾಸಿನ ಉದ್ದಕ್ಕೆ ಬಟ್ಟೆಯನ್ನು ಎಳೆದು ನೋಡಿರಿ, ಅದು ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದು ನೋಡಿರಿ, ಹಿಗ್ಗುತ್ತದೆ. ಈ ಎರಡು ಗುಣಗಳನ್ನು ತಿಳಿದರೆ ದರ್ಜಿಯ ವಿದ್ಯೆಯಲ್ಲಿ ಕಾಲುಭಾಗ ತಿಳಿದಂತೆಯೇ. ಅಂಗಿಯ ಉದ್ದವು ಹಾಸಿನ ಉದ್ದಕ್ಕೆ ಬರಬೇಕು. ಇಲ್ಲವಾದರೆ ಅದು ಒಗೆದಂತೆಲ್ಲ ಸೊಟ್ಟಗಾಗುತ್ತದೆ. ಕುತ್ತಿಗೆಗೂ ಕಂಕುಳಿಗೂ ಕಟ್ಟುವ ಪಟ್ಟಿಯನ್ನು ಮಾತ್ರ ಓರೆಯಾಗಿ ಕತ್ತರಿಸಬೇಕು. ಅದು ಹಿಗ್ಗಿ ಬಾಗಿನ ಮೇಲೆ ಸುಕ್ಕಿಲ್ಲದೆ ಕೂಡುತ್ತದೆ.

ಕತ್ತರಿಯನ್ನು ಬಟ್ಟೆಗೆ ಹಾಕುವ ಮೊದಲು ಕಾಗದಕ್ಕೆ ಹಾಕಬೇಕು. ಈ ಉಪಾಯ ಲೋಕಕ್ಕೆ ವ್ಯಾಪಕವಾಗಿ ಹರಡಿದುದು 1863ರ ತರುವಾಯ. ಅಮೆರಿಕೆಯ ಮಾಸಚುಸೆಟ್ಸ್ ಸೀಮೆಯ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬೆನೇಜರ್ ಬಟರಿಕ್ ಎಂಬ ದರ್ಜಿ, ಬೇರೆ ಬೇರೆ ಅಳತೆಗಳಿಗೆ ಹೊಂದುವ ಕಾಗದದ ಮಾದರಿಗಳನ್ನು ಕತ್ತರಿಸಿ ಮಾರಲು ತೊಡಗಿದನು. ಅವನ ಮೊದಲ ಮಾದರಿಗಳಲ್ಲಿ ಹುಡುಗರ ಉಡುಪುಗಳೂ ಸೇರಿದ್ದವು. ನಮಗೆ ಅಂಥ ಮಾದರಿಯನ್ನು ಕೊಳ್ಳುವ ಅಗತ್ಯವಿಲ್ಲ. ಹಳೆಯ ವೃತ್ತಪತ್ರಿಕೆಯ ಒಂದು ಹಾಳೆ, ಒಂದು ಪೆನ್ಸಿಲು, ಅಳತೆಯ ಟೇಪು, ಇಷ್ಟೇ ಸಾಕು. ಚಿತ್ರವನ್ನು ಇಲ್ಲಿ ತೋರಿಸುವಂತಿಲ್ಲವಾದುದರಿಂದ ಅಂಕಿಗಳನ್ನು ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಬಹುದು.

ನಾವು ಹೊಲಿಯುವ ಅಂಗಿಗೆ ಎರಡೇ ಭಾಗ. ಮೇಲೆ ಎದೆಯ ತುಂಡು. ದರ್ಜಿಗಳು ಅದನ್ನು ಯೋಕ್ ಎನ್ನುತ್ತಾರೆ. ಕೆಳಗೆ ನಿರಿಗೆಯ ಘೇರು. ತೋಳಿಲ್ಲ, ಕಾಲರಿಲ್ಲ. ಎದೆಯ ಅಳತೆ 21 ಅಂಗುಲ. ಉಸಿರಾಟಕ್ಕೂ ಓಡಾಟಕ್ಕೂ 3 ಅಂಗುಲ ಸಡಿಲ ಸೇರಿಸಿದರೆ 24. ಮುಂಭಾಗಕ್ಕೆ 12, ಹಿಂಭಾಗಕ್ಕೆ 12. ಹೆಗಲಿನಿಂದ ಮೊಳಕಾಲಿನವರೆಗೆ ಉದ್ದ 18. ಇದರಲ್ಲಿ ಎದೆಯ ತುಂಡಿಗೆ 6, ಘೇರಿಗೆ 12.

ಕಾಗದವನ್ನು ಮಡಚಿ, ಮಡಿಕೆಯ ಅಂಚನ್ನು ಎಡಗಡೆಗೆ ಇಟ್ಟುಕೊಳ್ಳಿರಿ. ಅದರ ಮೇಲೆ 6 ಅಂಗುಲ ಅಗಲ, 6 ಅಂಗುಲ ಉದ್ದದ ಚೌಕ ಬರೆಯಿರಿ. ಮೇಲಿನ ಎಡಮೂಲೆಯಿಂದ ಅಡ್ಡಕ್ಕೆ 2 ಅಂಗುಲ, ಕೆಳಕ್ಕೆ 2 ಅಂಗುಲ ಗುರುತಿಟ್ಟು, ಎರಡನ್ನೂ ಬಾಗಾಗಿ ಕೂಡಿಸಿದರೆ ಮುಂದಿನ ಕುತ್ತಿಗೆಯ ಅರ್ಧ ಆಯಿತು. ಅಡ್ಡಗೆರೆಯಲ್ಲಿ ಅಲ್ಲಿಂದ ಮುಂದೆ ಎರಡೂವರೆ ಅಂಗುಲ ಅಳೆದು, ಆ ಬಿಂದುವಿನಿಂದ ಅರ್ಧ ಅಂಗುಲ ಕೆಳಕ್ಕೆ ಇಳಿಸಿ, ಕುತ್ತಿಗೆಯ ಬಿಂದುವಿಗೆ ಕೂಡಿಸಿದರೆ ಹೆಗಲಿನ ಇಳಿಜಾರು. ಹೆಗಲಿನ ತುದಿಯಿಂದ ಕೆಳಕ್ಕೆ ಇಳಿದು, ಮೇಲಿನ ಗೆರೆಯಿಂದ 5 ಅಂಗುಲ ಕೆಳಗೆ ಬಲಗಡೆಯ ಅಂಚನ್ನು ಮುಟ್ಟುವಂತೆ ಒಳಬಾಗು ಬರೆದರೆ ಕಂಕುಳ ಸುತ್ತು. ಅದರ ಕೆಳಗೆ ಉಳಿದ ಒಂದಂಗುಲ ನೇರ. ಹೆಗಲಿಗೂ ಪಕ್ಕಕ್ಕೂ ತಳಕ್ಕೂ ಹೊಲಿಗೆಗಾಗಿ ಅರ್ಧರ್ಧ ಅಂಗುಲ ಹೆಚ್ಚು ಬಿಡಬೇಕು. ಕುತ್ತಿಗೆಗೂ ಕಂಕುಳಿಗೂ ಪಟ್ಟಿ ಕಟ್ಟುವುದರಿಂದ ಅಲ್ಲಿ ಬಿಡಬೇಕಾದುದಿಲ್ಲ.

ಹಿಂಭಾಗವೂ ಹೀಗೆಯೇ, ಭೇದ ಎರಡು. ಕುತ್ತಿಗೆಯ ಆಳ ಮುಕ್ಕಾಲು ಅಂಗುಲ ಮಾತ್ರ. ಮತ್ತು ಅದು ಮಡಿಕೆಯಿಲ್ಲದ ಎರಡು ಬಿಡಿ ತುಂಡು. ನಡುಬೆನ್ನಿನ ಕಡೆ ಪ್ರತಿ ತುಂಡಿಗೂ 2 ಅಂಗುಲ ಹೆಚ್ಚು ಬಿಡಬೇಕು. ಅದರಲ್ಲಿ ಅರ್ಧ ಅಂಗುಲ ಒಂದರ ಮೇಲೊಂದು ಕೂಡುವುದಕ್ಕೆ, ಒಂದೂವರೆ ಒಳಮಡಿಕೆಗೆ. ಆ ಒಳಮಡಿಕೆಯೇ ಗುಂಡಿಗೂ ಕಾಜಕ್ಕೂ ಆಧಾರ. ಘೇರಿಗೆ ಮಾದರಿಯೇ ಬೇಡ. ಬಟ್ಟೆಯ ಪೂರ್ಣ ಅಗಲವಾದ 36 ಅಂಗುಲವನ್ನು ಹಾಗೆಯೇ ಇಟ್ಟುಕೊಂಡು, ಹದಿನೈದೂವರೆ ಅಂಗುಲ ಉದ್ದ ಕತ್ತರಿಸಿದರಾಯಿತು. 12 ಘೇರು, 3 ಕೆಳಗಿನ ಮಡಿಕೆ, ಅರ್ಧ ಹೊಲಿಗೆ. ಎದೆಯ ಸುತ್ತು 24, ಘೇರು 36. ಒಂದೂವರೆಯಷ್ಟು ನಿರಿಗೆ ದೊರೆಯಿತು. ಬಟ್ಟೆಯ ಎರಡು ಗಟ್ಟಿ ಅಂಚುಗಳು ನಡುಬೆನ್ನಿನಲ್ಲಿ ಕೂಡುವುದರಿಂದ ಅಲ್ಲಿ ಎಳೆ ಬಿಡುವ ಭಯವೂ ಇಲ್ಲ.

ಕಾಗದವನ್ನು ಕತ್ತರಿಸಿದ ಮೇಲೆ ಮಗುವಿನ ಹಳೆಯ, ಸರಿಯಾಗಿ ಹೊಂದುವ ಒಂದು ಅಂಗಿಯ ಮೇಲಿಟ್ಟು ನೋಡಬೇಕು. ಮಗುವಿನ ಬೆನ್ನಿಗೂ ಹಿಡಿದು ನೋಡಬಹುದು, ಅದು ನಿಂತರೆ! ಅಳತೆ ತೆಗೆಯುವಾಗ ಎರಡು ವರ್ಷದ ಮಕ್ಕಳು ನಿಲ್ಲುವುದು ಅಪರೂಪ. ನಿದ್ರೆಯಲ್ಲಿ ಅಳೆಯುವುದು ಜಾಣತನ. ಕಾಗದ ಒಪ್ಪಿದ ಮೇಲೆ ಬಟ್ಟೆಯ ಮೇಲೆ ಹರಡಿ, ಬಳಪದಿಂದ ಗೆರೆ ಹಾಕಿ, ಆ ಮೇಲೆ ಕತ್ತರಿಸಬೇಕು. ಆ ಹೊತ್ತಿಗೆ ಅಂಜಿಕೆ ಬಹುಮಟ್ಟಿಗೆ ಇಳಿದಿರುತ್ತದೆ. ಏಕೆಂದರೆ ತೀರ್ಮಾನವೆಲ್ಲ ಕಾಗದದ ಮೇಲೆಯೇ ಆಗಿಹೋಗಿದೆ.

ಮನೆಯಲ್ಲಿ ಹೊಲಿಗೆಯ ಯಂತ್ರವಿದ್ದರೆ ಸಂತೋಷ, ಇಲ್ಲದಿದ್ದರೂ ಕೊರತೆಯಿಲ್ಲ. ಐಸಾಕ್ ಸಿಂಗರನು ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದುದು 1851ರಲ್ಲಿ. ಅದಕ್ಕೆ ಹಿಂದೆ ಲೋಕದ ಮಕ್ಕಳಲ್ಲಿ ಬಹುತೇಕರು ಕೈಹೊಲಿಗೆಯ ಉಡುಪನ್ನೇ ತೊಟ್ಟವರು. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರು ಇದ್ದರು. ಸೂಜಿಯ ಕೆಲಸವು ಹೆಸರಿನೊಡನೆಯೇ ಉಳಿಯುವಷ್ಟು ಗೌರವದ ಕಾಯಕವಾಗಿತ್ತು. ಕೈಯಿಂದ ಹೊಲಿಯುವವರಿಗೆ ಮೂರು ಹೊಲಿಗೆ ಸಾಕು. ತುಂಡುಗಳನ್ನು ಹಿಡಿದಿಡುವುದಕ್ಕೆ ಓಡುಹೊಲಿಗೆ. ಕೂಡಿಸುವುದಕ್ಕೆ ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಹಾಕುವ ಬಖಿಯಾ. ಅಂಚು ಮಡಚುವುದಕ್ಕೆ ತುರಪಾಯಿ. ಮೊದಲನೆಯದನ್ನು ಕೌದಿಯೇ ಕಲಿಸಿದೆ. ಗವಂತಿ ಬಲ್ಲವಳಿಗೆ ಎರಡನೆಯದು ಒಂದು ಗಳಿಗೆಯ ಅಭ್ಯಾಸ.

ಕ್ರಮವಿಷ್ಟು. ಮೊದಲು ಹಿಂದಿನ ತುಂಡುಗಳ ನಡುಬೆನ್ನಿನ ಮಡಿಕೆಯನ್ನು ಮಡಚಿ ಹೊಲಿಯುವುದು. ಬಳಿಕ ಹೆಗಲುಗಳನ್ನು ಕೂಡಿಸುವುದು. ಬಳಿಕ ಕುತ್ತಿಗೆಗೆ ಓರೆಪಟ್ಟಿ. ಪಕ್ಕಗಳನ್ನು ಕೂಡಿಸಿದ ಮೇಲೆ ಕಂಕುಳಿಗೆ ಓರೆಪಟ್ಟಿ. ಹಿಂದಿನ ಎರಡು ತುಂಡುಗಳನ್ನು ಒಂದರ ಮೇಲೊಂದು ಒಂದಂಗುಲ ಕೂಡುವಂತೆ ಇಟ್ಟು, ತಳದಲ್ಲಿ ನಾಲ್ಕು ಹೊಲಿಗೆ ಹಾಕಿ ಹಿಡಿದಿಡುವುದು. ಈಗ ಘೇರು. ಅದರ ಎರಡು ಅಂಚುಗಳನ್ನು ಕೂಡಿಸಿ ಕೊಳವೆಯಾಗಿಸಿ, ಮೇಲಿನ ಅಂಚಿನಲ್ಲಿ ಕಾಲಂಗುಲದ ಅಂತರದಲ್ಲಿ ಎರಡು ಸಾಲು ಓಡುಹೊಲಿಗೆ ಹಾಕಿ, ದಾರವನ್ನು ಮೆಲ್ಲಗೆ ಎಳೆದರೆ ನಿರಿಗೆ ಬೀಳುತ್ತದೆ. ಘೇರನ್ನೂ ಎದೆಯ ತುಂಡನ್ನೂ ನಾಲ್ಕು ನಾಲ್ಕು ಸಮಪಾಲಾಗಿ ಗುರುತಿಸಿಕೊಂಡು ಗುರುತಿಗೆ ಗುರುತು ಕೂಡಿಸಬೇಕು. ಇಲ್ಲವಾದರೆ ನಿರಿಗೆಯೆಲ್ಲ ಒಂದೇ ಕಡೆ ಗುಂಪಾಗುತ್ತದೆ. ಕೊನೆಗೆ ಕೆಳಗಿನ ಮಡಿಕೆ, ಮೂರು ಕಾಜ, ಮೂರು ಗುಂಡಿ.

ಆ ಮೂರಂಗುಲದ ಮಡಿಕೆಯ ವಿಷಯವಾಗಿ ಒಂದು ಮಾತು. ಓಣಿಯ ಹಿರಿಯರು ಹೇಳುವುದುಂಟು: ‘ಕೂಸು ಬೆಳೀತದ ತಂಗಿ, ಅಂಗಿ ಬೆಳಿಯೂದಿಲ್ಲ, ಸ್ವಲ್ಪ ದೊಡ್ಡದಾಗೇ ಹೊಲಿ.’ ಮಾತು ನಿಜವೇ. ಆದರೆ ಅದನ್ನು ಪಾಲಿಸುವ ವಿಧಾನ ಬೇರೆ. ಎರಡರಿಂದ ಮೂರನೆಯ ವರ್ಷಕ್ಕೆ ಕಾಲಿಡುವಾಗ ಮಗು ಸಾಮಾನ್ಯವಾಗಿ 3 ಅಂಗುಲದಷ್ಟು ಎತ್ತರ ಬೆಳೆಯುತ್ತದೆ. ಎದೆ ಅಷ್ಟಾಗಿ ಬೆಳೆಯುವುದಿಲ್ಲ. ಆದುದರಿಂದ ಹೆಗಲನ್ನೂ ಕುತ್ತಿಗೆಯನ್ನೂ ದೊಡ್ಡದಾಗಿ ಕತ್ತರಿಸಿದರೆ ಅಂಗಿ ಇಂದೂ ಜೋಲುತ್ತದೆ, ನಾಳೆಯೂ ಜೋಲುತ್ತದೆ. ಬೆಳವಣಿಗೆಗೆ ಎಡೆ ಬಿಡಬೇಕಾದುದು ಕೆಳಗಡೆ. ಮಡಿಕೆಯನ್ನು ಉದ್ದ ಹೊಲಿಗೆಯಿಂದ ಹಿಡಿದಿಟ್ಟರೆ ಮುಂದಿನ ವರ್ಷ ಬಿಚ್ಚಿ ಇಳಿಸಬಹುದು.

ಇನ್ನು ಕೆಲವು ಎಚ್ಚರಿಕೆಗಳು. ಅಂಗಿಯ ಅಂದಕ್ಕಿಂತ ಇವು ಮುಖ್ಯವಾದುವು. ಕುತ್ತಿಗೆಗೆ ಎಳೆದು ಕಟ್ಟುವ ಲಾಡಿಯನ್ನಾಗಲಿ ದಾರವನ್ನಾಗಲಿ ಇಡಬಾರದು. ಆಟದ ಸಾಮಾನಿಗೋ ಬಾಗಿಲಿನ ಚಿಲಕಕ್ಕೋ ಅದು ಸಿಕ್ಕಿಕೊಂಡರೆ ಮಗುವಿನ ಉಸಿರು ಕಟ್ಟಬಹುದು. ಇಂಥ ಸಾವುಗಳು ನಡೆದುದರಿಂದಲೇ 1996ರಲ್ಲಿ ಅಮೆರಿಕೆಯ ಗ್ರಾಹಕ ಸುರಕ್ಷತಾ ಆಯೋಗವು ಮಕ್ಕಳ ಮೇಲುಡುಪಿನ ಕುತ್ತಿಗೆಯಲ್ಲಿ ಎಳೆದಾರ ಬೇಡವೆಂದು ಸೂಚನೆ ಹೊರಡಿಸಿತು. ಗುಂಡಿಗಳನ್ನು ಬೆನ್ನಿನ ಕಡೆ ಇಡುವುದು ಅಂದಕ್ಕಾಗಿ ಮಾತ್ರವಲ್ಲ. ಮುಂದೆ ಇದ್ದರೆ ಮಗು ಜಗಿದು ಕಿತ್ತು ನುಂಗಬಹುದು. ಜೋಡುದಾರದಿಂದ ನಾಲ್ಕೈದು ಸಲ ಹಾಯಿಸಿ, ಬುಡಕ್ಕೆ ದಾರ ಸುತ್ತಿ, ಗಂಟು ಹಾಕಿ, ನಿಮ್ಮ ಶಕ್ತಿಯೆಲ್ಲವನ್ನೂ ಹಾಕಿ ಎಳೆದು ನೋಡಿರಿ. ಒಳಗಿನ ಬಿಡಿ ದಾರಗಳನ್ನೆಲ್ಲ ಕತ್ತರಿಸಿ ತೆಗೆಯಿರಿ. ಎಳೆಗೂಸುಗಳ ಬೆರಳಿಗೆ ಒಂದು ಎಳೆ ದಾರ ಸುತ್ತಿಕೊಂಡರೂ ರಕ್ತ ಓಡಾಡುವುದು ನಿಂತು ಬೆರಳು ಬಾವುಬರುತ್ತದೆ. ಗುಂಡುಸೂಜಿಗಳನ್ನು ಎಣಿಸಿ ತೆಗೆದುಕೊಳ್ಳಿರಿ, ಎಣಿಸಿ ಹಿಂದಕ್ಕೆ ಇಡಿರಿ. ಲೆಕ್ಕ ಸರಿಹೋಗುವ ತನಕ ಮಗುವನ್ನು ಆ ಕೋಣೆಗೆ ಬಿಡಬೇಡಿರಿ. ಒಲೆಯ ಬಳಿ ಅಗಲವಾದ ಘೇರು ಅಪಾಯಕರ. ಹತ್ತಿಯೂ ಉರಿಯುತ್ತದೆ, ಕೃತಕ ನೂಲು ಕರಗಿ ಚರ್ಮಕ್ಕೆ ಅಂಟುತ್ತದೆ.

ಈಗ, ಕೊನೆಗೆಂದು ಇಟ್ಟುಕೊಂಡ ಪ್ರಶ್ನೆ. ಸಿದ್ಧ ಉಡುಪಿರುವಾಗ ಇದೇಕೆ? ಹಣದ ಉಳಿತಾಯವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಬಟ್ಟೆ, ದಾರ, ಗುಂಡಿಗಳ ಬೆಲೆಗೆ ಎರಡು ದಿವಸದ ದುಡಿಮೆಯನ್ನೂ ಕೂಡಿಸಿದರೆ ಮನೆಯ ಅಂಗಿಯೇ ಹೆಚ್ಚಿನ ಬೆಲೆಯದಾಗಬಹುದು. ಹುಬ್ಬಳ್ಳಿಯಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಕೇಂದ್ರದಲ್ಲಿ ಖಾದಿಯ ರಾಷ್ಟ್ರಧ್ವಜಗಳನ್ನು ಹೊಲಿಯುತ್ತಾರೆ. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಧ್ವಜದ ಉದ್ದ ಅಗಲಗಳು 3ಕ್ಕೆ 2ರ ಪ್ರಮಾಣದಲ್ಲಿರಬೇಕು; ನೂಲು, ಬಣ್ಣ, ಹೊಲಿಗೆ, ಚಕ್ರದ 24 ಅರಗಳು, ಎಲ್ಲವೂ ಭಾರತೀಯ ಮಾನಕ ಸಂಸ್ಥೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಷ್ಟು ಕಟ್ಟುನಿಟ್ಟಾಗಿ ಕೈ ಪಳಗಿದ ಈ ಕೆಲಸಗಾರರು, 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ದೊರೆತಾಗ ತಮ್ಮ ಜೀವನಕ್ಕೆ ಕುತ್ತು ಬಂದಿತೆಂದು ಪ್ರತಿಭಟಿಸಬೇಕಾಯಿತು. ಬೆಲೆಯೊಂದನ್ನೇ ತೂಕಕ್ಕೆ ಇಟ್ಟರೆ ಕೈಗೆಲಸವು ಯಂತ್ರದ ಮುಂದೆ ನಿಲ್ಲುವುದು ಕಷ್ಟವೆಂಬುದನ್ನು ಇದರಿಂದ ತಿಳಿಯಬಹುದು.

ಆದುದರಿಂದ ಮನೆಯ ಹೊಲಿಗೆಯ ಲಾಭವನ್ನು ಬೇರೆ ಕಡೆ ಹುಡುಕಬೇಕು. ಅಂಗಿ ಹರಿದಾಗ ಎಲ್ಲಿ ಹೇಗೆ ಕೂಡಿಸಿದೆನೆಂಬುದು ಹೊಲಿದವಳಿಗೆ ಗೊತ್ತು. ಆದುದರಿಂದ ಅದನ್ನು ಎಸೆಯದೆ ರಿಪೇರಿ ಮಾಡುತ್ತಾಳೆ. ಸಿದ್ಧ ಉಡುಪನ್ನು ಕೊಳ್ಳುವಾಗಲೂ ಒಳಮಗ್ಗುಲನ್ನು ತಿರುವಿ, ಹೊಲಿಗೆಗೆ ಬಿಟ್ಟ ಬಟ್ಟೆಯೆಷ್ಟು, ಗುಂಡಿಯ ಬಿಗಿಯೆಷ್ಟು ಎಂದು ನೋಡಿ ಆರಿಸುವ ವಿವೇಕ ಬರುತ್ತದೆ. ದರ್ಜಿಗೆ ಕೊಡುವ ಮಜೂರಿಯ ಮೇಲೆ ಚೌಕಾಶಿ ಮಾಡುವ ನಾಲಿಗೆಯೂ ತುಸು ಹಿಂಜರಿಯುತ್ತದೆ. ಒಂದು ಕಾಜಕ್ಕೆ ಎಷ್ಟು ಹೊತ್ತು ಹಿಡಿಯುವುದೆಂಬುದು ಈಗ ಅನುಭವಕ್ಕೆ ಬಂದಿದೆಯಷ್ಟೆ. ಇದಲ್ಲದೆ, ಒಬ್ಬಳು ಒಂದು ಅಂಗಿಯನ್ನು ಮುಗಿಸಿದರೆ ಅವಳ ಕಾಗದದ ಮಾದರಿ ಓಣಿಯಲ್ಲಿ ಮನೆಯಿಂದ ಮನೆಗೆ ಹೋಗಬಹುದು. ಹೊಲಿಗೆಯನ್ನು ಜೀವನೋಪಾಯವಾಗಿ ಮಾಡಿಕೊಂಡ ಎಷ್ಟೋ ಹೆಂಗಸರ ದುಡಿಮೆ ಇಂಥ ಸಣ್ಣ ಆರಂಭದಿಂದಲೇ ಬೆಳೆದಿದೆ.

ಮೊದಲ ಅಂಗಿಯಲ್ಲಿ ಹೊಲಿಗೆ ಒಂದೆಡೆ ಸೊಟ್ಟಗಿರುವುದು, ನಿರಿಗೆ ಒಂದೆಡೆ ಹೆಚ್ಚಾಗಿರುವುದು ಸಹಜ. ನೋಡಿದವರಲ್ಲಿ ಯಾರಾದರೊಬ್ಬರು ಅದನ್ನು ತೋರಿಸಿ ನಗುವುದೂ ಸಹಜವೇ. ಧ್ವಜವನ್ನು ಪರೀಕ್ಷಿಸುವವರಂತೆ ಮಗು ಅಳತೆಗೋಲನ್ನು ಹಿಡಿದು ಬರುವುದಿಲ್ಲ. ಕಂಕುಳು ಕಚ್ಚದಿದ್ದರೆ, ತಲೆ ಸಿಕ್ಕಿಕೊಳ್ಳದಿದ್ದರೆ, ಓಡುವಾಗ ಕಾಲಿಗೆ ತೊಡರದಿದ್ದರೆ ಅದರ ಪಾಲಿಗೆ ಅಂಗಿ ಸರಿಯಾಗಿದೆ. ನಗುವವರ ಮಾತಿಗೆ ಹೆದರಿ ಸೂಜಿಯನ್ನು ಕೆಳಗಿಟ್ಟವರು ಎರಡನೆಯ ಅಂಗಿಯನ್ನು ಹೊಲಿಯುವುದಿಲ್ಲ. ಕೈ ಕುದುರುವುದಾದರೋ ಎರಡನೆಯ ಅಂಗಿಯಲ್ಲಿಯೇ. ಕೌದಿಯ ಮೊದಲ ಸಾಲು ನೇರವಾಗಿ ಬಂದುದನ್ನು ಯಾರೂ ಕಂಡಿಲ್ಲ. ಹತ್ತನೆಯ ಸಾಲಿನ ಹೊತ್ತಿಗೆ ಕಣ್ಣು ತಾನಾಗಿಯೇ ಪಳಗುತ್ತದೆ.

ಈ ಅಂಗಿಯ ಆಯುಸ್ಸೂ ದೀರ್ಘವಾದುದು. ಒಂದು ವರ್ಷ ಹಿರಿಯ ಮಗುವಿನ ಮೈಮೇಲೆ. ಮಡಿಕೆ ಬಿಚ್ಚಿ ಇನ್ನೊಂದು ವರ್ಷ. ಬಳಿಕ ತಂಗಿಗೋ ತಮ್ಮನಿಗೋ. ಬಣ್ಣ ಮಾಸಿದ ಮೇಲೆ ಗುಂಡಿಗಳನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ಘೇರನ್ನು ನೇರಮಾಡಿದರೆ 36 ಅಂಗುಲದ ಬಟ್ಟೆ ಹಾಗೆಯೇ ಉಳಿದಿರುತ್ತದೆ. ಅದು ಕೌದಿಗೆ ಸೇರುತ್ತದೆ. ಹೆಚ್ಚು ಕತ್ತರಿಸದೆ ಹೊಲಿದುದರ ಫಲ ಇದು. ಬಟ್ಟೆಯನ್ನು ಕೊಳ್ಳುವುದಕ್ಕೆ ಹೋಗುವವರು ಒಂದೂಕಾಲು ವಾರು, ಒಂದು ಉಂಡೆ ದಾರ, ಮೂರು ಗುಂಡಿಗಳನ್ನು ಮರೆಯದೆ ಕೇಳಿಕೊಂಡು ಬನ್ನಿರಿ. ತಂದುದನ್ನು ಈ ರಾತ್ರಿಯೇ ನೆನೆಹಾಕಿರಿ.